ಕಕ್ಕ ತಡೆಹಿಡಿಯೋ ಮಗು, ಕಮೋಡ್ ಮುಂದೊಂದು ಮಣೆ

ನಾನು ಡಾಕ್ಟರ್ ಅಲ್ಲ, ಪುಣೆಯಲ್ಲಿ ಕೋಡ್ ಬರೆಯೋನು. ಇವತ್ತಿನ ವಿಷಯ ಮಕ್ಕಳ ಮಲಬದ್ಧತೆ. ಆಫೀಸಿನ ಊಟದ ಟೇಬಲ್‌ನಲ್ಲಿ ಈ ಮಾತು ಯಾರೂ ಎತ್ತಲ್ಲ. ಆದ್ರೆ ಚಿಕ್ಕ ಮಕ್ಕಳಿರೋ ಎಷ್ಟೋ ಮನೆಗಳಲ್ಲಿ ದಿನದ ದೊಡ್ಡ ಜಗಳವೇ ಇದು.

ನಮ್ಮ ಮಗಳಿಗೆ 4 ವರ್ಷ. ಮೂರ್ನಾಲ್ಕು ದಿನಕ್ಕೊಮ್ಮೆ ಹೋಗೋಳು, ಹೋದಾಗೆಲ್ಲ ಅಳು. ಒತ್ತಡ ಬಂದ್ರೆ ಪರದೆ ಹಿಂದೆ ನಿಂತು, ಕಾಲು ಹೆಣೆದುಕೊಂಡು, ಮುಖ ಕೆಂಪು ಮಾಡ್ಕೊಳ್ಳೋಳು. ನೋಡಿದವರಿಗೆ ತಿಣುಕುತ್ತಿದ್ದಾಳೆ ಅನ್ಸುತ್ತೆ. ಅವಳು ತಡೆಹಿಡೀತಿದ್ಲು. ಮಕ್ಕಳ ಡಾಕ್ಟರ್ ಮೊದಲು ತಿಳಿಸಿದ್ದು ಇದನ್ನೇ.

ಇದೊಂದು ಲೂಪ್. ಒಮ್ಮೆ ಗಟ್ಟಿಯಾಗಿ ಹೋಗಿ ನೋವಾಗುತ್ತೆ. ಮಗು ಹೆದರಿ ತಡೆಯುತ್ತೆ. ಮಲ ದೊಡ್ಡ ಕರುಳಲ್ಲಿ ನಿಂತಷ್ಟೂ ಅದರ ನೀರನ್ನ ಕರುಳು ಹೀರಿಕೊಂಡು ಇನ್ನೂ ಗಟ್ಟಿಯಾಗುತ್ತೆ. ಮುಂದಿನ ಸಲ ಇನ್ನೂ ನೋವು. ತಿಂಗಳುಗಟ್ಟಲೆ ನಡೆದರೆ ಗುದನಾಳ ಹಿಗ್ಗಿ, ಬರ್ತಿದೆ ಅನ್ನೋ ಅರಿವೇ ಮಂಕಾಗುತ್ತೆ. ಬರೀ ಹಣ್ಣು ತಿನ್ನಿಸಿದ್ರೆ ಸಾಲದು, ಹೆದರಿಕೆನೂ ಕಳೀಬೇಕು.

ಡಾಕ್ಟರ್ ಹೊಟ್ಟೆ ಒತ್ತಿ ನೋಡಿ, ಒಳಗೆ ಕಟ್ಟಿಕೊಂಡಿಲ್ಲ, ಮೊದಲು ಔಷಧಿ ಇಲ್ಲದೆ ನೋಡೋಣ ಅಂದ್ರು.

ಅಪಾರ್ಟ್‌ಮೆಂಟಿನ ಕಮೋಡ್ ದೊಡ್ಡವರ ಅಳತೆಯದು. ಕಾಲು ನೇತಾಡ್ತಾ, ಬಿದ್ದುಹೋಗ್ತೀನೇನೋ ಅಂತ ಅಂಚು ಹಿಡಿದು ಕೂತ ಮಗುವಿಗೆ ಕೆಳಗಿನ ಸ್ನಾಯು ಸಡಿಲವಾಗೋದಾದ್ರೂ ಹೇಗೆ? ಚಿಕ್ಕ ಸೀಟ್ ಹಾಕಿ, ಪಾದದ ಕೆಳಗೆ ಎತ್ತರದ ಮಣೆ ಇಟ್ವಿ. ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು. ಊರಲ್ಲಿ ಕುಕ್ಕರುಗಾಲಲ್ಲಿ ಕೂರ್ತಿದ್ವಲ್ಲ, ಹತ್ತಿರತ್ತಿರ ಅದೇ ಭಂಗಿ.

ಆಮೇಲೆ ಹೊತ್ತು. ಊಟವಾದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತೆ. ಬೆಳಗ್ಗೆ 7ಕ್ಕೆ ಸ್ಕೂಲ್ ವ್ಯಾನ್, ಹಾಗಾಗಿ ನಾವು ಹಿಡಿದದ್ದು ರಾತ್ರಿ ಊಟದ ನಂತರದ 5 ನಿಮಿಷ. ಕೂತಿದ್ದಕ್ಕೇ ಸ್ಟಿಕ್ಕರ್, ಬಂದ್ರೂ ಬರದಿದ್ರೂ. ಸೋಪಿನ ಗುಳ್ಳೆ ಊದಿಸ್ತೀವಿ. ಊದುವಾಗ ಹೊಟ್ಟೆಯ ಸ್ನಾಯು ತಾನೇ ಕೆಲಸ ಮಾಡುತ್ತೆ.

ಊಟದ್ದು ನಿಮಗೆ ಗೊತ್ತಿರೋದೇ. ಸೀಬೆಹಣ್ಣು (ಇಲ್ಲಿ ಪೇರು ಅಂತ ಕೇಳಿ), ಹೆಸರುಕಾಳಿನ ಉಸಲಿ, ರಾಗಿ ರೊಟ್ಟಿ, ನೆನೆಸಿದ ಒಣದ್ರಾಕ್ಷಿ, ಜೊತೆಗೆ ನೀರು. ಹಾಲು ಮಾತ್ರ ದಿನಕ್ಕೆ ಅರ್ಧ ಲೀಟರ್ ದಾಟದಿರಲಿ, ಹಾಲಲ್ಲೇ ಹೊಟ್ಟೆ ತುಂಬಿದ್ರೆ ಪಲ್ಯಕ್ಕೆ ಜಾಗ ಎಲ್ಲಿ?

ಅಮ್ಮ ಫೋನಲ್ಲಿ, "ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಸವರಿ ಇಡೋ, ತಕ್ಷಣ ಆಗುತ್ತೆ" ಅಂದ್ರು. ನಾನು ಒಪ್ಪಲಿಲ್ಲ. ಹೆದರಿದ ಜಾಗಕ್ಕೇ ಕೈ ಹಾಕಿದ್ರೆ ಹೆದರಿಕೆ ಬೆಳೆಯುತ್ತೆ.

ಆರು ವಾರ ಹಿಡೀತು. ಈಗ ದಿನ ಬಿಟ್ಟು ದಿನ ಹೋಗ್ತಾಳೆ, ಅಳದೆ.

ಆದ್ರೆ ಔಷಧಿ ಬೇಡ ಅನ್ನೋದನ್ನ ಹಟ ಮಾಡ್ಕೋಬೇಡಿ. ಚಡ್ಡಿಯಲ್ಲಿ ಆಗಾಗ ನೀರಾಗಿ ಆಗ್ತಿದ್ರೆ ಅದು ಭೇದಿ ಅಲ್ಲದೇ ಇರಬಹುದು, ಒಳಗೆ ಕಟ್ಟಿಕೊಂಡ ಮಲದ ಪಕ್ಕದಿಂದ ಸೋರ್ತಿರಬಹುದು. ಆಗ ಔಷಧಿ ಕೊಟ್ಟು ಮೊದಲು ಖಾಲಿ ಮಾಡಿಸಬೇಕು, ಡಾಕ್ಟರ್ ಹೇಳಿದಷ್ಟು ದಿನ ಮುಂದುವರಿಸಬೇಕು. ಹೊಟ್ಟೆ ಉಬ್ಬರ, ವಾಂತಿ, ರಕ್ತ, ತೂಕ ಏರದಿರೋದು, ಹುಟ್ಟಿದಾಗಿಂದಲೇ ಇರೋ ತೊಂದರೆ, ಇವಿದ್ರೆ ಮಣೆ, ಸೀಬೆಹಣ್ಣು ಅಂತ ಕಾಯದೆ ಅವತ್ತೇ ತೋರಿಸಿ.