ಸೇರಿದವರೆಷ್ಟು, ಕಲಿತವರೆಷ್ಟು?



ಶಾಲೆಯ ಸುವರ್ಣ ಮಹೋತ್ಸವದಲ್ಲಿ ಎರಡು ಮಾತನಾಡಲು ಅವಕಾಶ ಕೊಟ್ಟ ಸಮಿತಿಗೆ ವಂದನೆಗಳು. ಎಸ್ಸೆಸ್ಸೆಲ್ಸಿ ಮುಗಿಸಿದವರೆಲ್ಲ ಪಿಯುಸಿಗೆ ಹೋಗುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಭಾಗದ ಅನೇಕರು ಐಟಿಐ ಸೇರುತ್ತಾರೆ. ಅಂಥವರಿಗೆ ಬಹುಕಾಲ ತರಬೇತಿ ಕೊಟ್ಟವನು ನಾನು.

ಸಂಸ್ಥೆ ಚೆನ್ನಾಗಿದೆಯೆ ಎಂದು ಕೇಳಿದರೆ ನಾವು ಫಲಿತಾಂಶ ಹೇಳುತ್ತೇವೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಫಿಟ್ಟರ್ ತರಗತಿಗೆ 20 ಜನ ಸೇರಿದರು. ಎರಡು ವರ್ಷದ ಕೊನೆಗೆ 12 ಜನ ಪರೀಕ್ಷೆಗೆ ಕೂತರು, ಎಲ್ಲರೂ ಪಾಸಾದರು. ಫಲಿತಾಂಶ ಶೇ. 100! ಸೇರಿದವರ ಲೆಕ್ಕದಲ್ಲಿ ನೋಡಿದರೆ ಶೇ. 60 ಮಾತ್ರ. ಉಳಿದ 8 ಮಕ್ಕಳು ಯಾವ ವರದಿಯಲ್ಲೂ ಇಲ್ಲ.

ಅವರನ್ನು ಹುಡುಕಲು ದೊಡ್ಡ ಕಂಪ್ಯೂಟರ್ ಬೇಕಿಲ್ಲ, ಹಾಜರಿ ಪುಸ್ತಕ ಸಾಕು. ಪರೀಕ್ಷೆಗೆ ಶೇ. 80 ಹಾಜರಿ ಬೇಕು. ವರ್ಷದ ಕೊನೆಗೆ ಕೂಡಿ ನೋಡಿದರೆ ಪ್ರಯೋಜನವಿಲ್ಲ. ತಿಂಗಳು ತಿಂಗಳು, ಊರುವಾರು ನೋಡಬೇಕು. ಅರಕಲಗೂಡು ಕಡೆಯ ಹುಡುಗ ಹೊಗೆಸೊಪ್ಪು ಹದ ಮಾಡುವ ಕಾಲಕ್ಕೆ ಬ್ಯಾರನ್ ಕಾಯಲು ನಿಂತನೆ? ಹೊಳೆನರಸೀಪುರ ಕಡೆಯವನು ನಾಟಿಗೆ ಹೋದನೆ? ಒಂದೇ ಊರಿನ ಮೂವರು ಮೊದಲ ಪೀರಿಯಡ್ ತಪ್ಪಿಸುತ್ತಿದ್ದರೆ ತಪ್ಪು ಮಕ್ಕಳದೋ, ಬಸ್ಸಿನ ವೇಳೆಯದೋ? ಕಾರಣ ತಿಳಿದರೆ ತಂದೆತಾಯಿಯೊಡನೆ ಮಾತನಾಡಬಹುದು, ಡಿಪೋಗೆ ಅರ್ಜಿ ಕೊಡಬಹುದು, ತಪ್ಪಿದ ಪ್ರಾಯೋಗಿಕ ಪಾಠ ಮತ್ತೆ ಮಾಡಬಹುದು.

ಯಂತ್ರಗಳಿಗೂ ಒಂದು ಪುಸ್ತಕವಿರಲಿ. ಲೇತ್ ಎಷ್ಟು ದಿನ ಕೆಟ್ಟು ನಿಂತಿತು, ಪ್ರತಿ ವಿದ್ಯಾರ್ಥಿಗೆ ಎಷ್ಟು ಗಂಟೆ ಸಿಕ್ಕಿತು ಎಂದು ಬರೆದಿಡಬೇಕು. 2022ರಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿದವು. ಬಹಳ ಸಂತೋಷ. ಆದರೆ ಯಂತ್ರ ಬಂದದ್ದು ಖರ್ಚಿನ ಲೆಕ್ಕ, ಮಗುವಿನ ಕೈ ಪಳಗಿದ್ದು ಕಲಿಕೆಯ ಲೆಕ್ಕ.

ಇನ್ನೊಂದು ಕಾಲಂ ಬಹುಮುಖ್ಯ: ಪಾಸಾಗಿ ವರ್ಷದ ನಂತರ ಎಲ್ಲಿದ್ದಾರೆ? ಎಲೆಕ್ಟ್ರಿಷಿಯನ್ ಕಲಿತವಳು ಬೇರೇನೋ ಕೆಲಸದಲ್ಲಿದ್ದರೆ ಏಕೆಂದು ಫೋನ್ ಮಾಡಿ ಕೇಳಬೇಕು. ಆ ಉತ್ತರದಿಂದ ಮುಂದಿನ ತಂಡದ ಪಾಠ ತಿದ್ದಬೇಕು.

ಒಂದು ಎಚ್ಚರಿಕೆ. ಅಂಕಿಅಂಶವನ್ನು ಮೇಷ್ಟ್ರಿಗೆ ನೋಟಿಸ್ ಕೊಡಲಿಕ್ಕಷ್ಟೇ ಬಳಸಿದರೆ, ಮರುವರ್ಷ ಪುಸ್ತಕದಲ್ಲಿ ಎಲ್ಲರೂ ಹಾಜರಿರುತ್ತಾರೆ, ತರಗತಿಯಲ್ಲಿ ಇರುವುದಿಲ್ಲ. ಕೊರತೆ ಬರೆದವನಿಗೆ ಸಹಾಯ ಸಿಗಬೇಕು. ಆಗ ನಿಜ ಬರೆಯುತ್ತಾರೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿ ಸಂಘಕ್ಕೆ ಒಂದು ವಿನಂತಿ. ಈ ವರ್ಷ ಹತ್ತನೇ ತರಗತಿ ಮುಗಿಸುವ ಪ್ರತಿ ಮಗುವಿನ ಹೆಸರು ಒಂದು ಪುಸ್ತಕದಲ್ಲಿ ಬರೆಯೋಣ. ಎಲ್ಲಿ ಸೇರಿತು, ಉಳಿಯಿತೆ, ಮುಗಿಸಿತೆ ಎಂದು ಮೂರು ವರ್ಷ ವಿಚಾರಿಸೋಣ. ಅರ್ಧಕ್ಕೆ ಬಿಟ್ಟ ಮಗುವಿನ ಮನೆಗೆ ನಮ್ಮಲ್ಲೊಬ್ಬರು ಹೋಗೋಣ.