ಗುರಿ ಗಟ್ಟಿಯಾಗಿರಲಿ, ಹೆಜ್ಜೆ ಮೃದುವಾಗಿರಲಿ

(ಮಸೀದಿ ಹಾಗೂ ಮದ್ರಸಾ ಆಡಳಿತ ಸಮಿತಿಗಳ ಯುವ ಸದಸ್ಯರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸ)



ಸಂಸ್ಥೆಯೊಂದರಲ್ಲಿ ಬದಲಾವಣೆ ತರುವುದು ಹೇಗೆ ಎಂಬ ಪ್ರಶ್ನೆಯನ್ನು ನೀವು ನನಗೆ ಒಪ್ಪಿಸಿದ್ದೀರಿ. ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಪದವಿ ಮುಗಿಸಿದ ಹೊಸತರಲ್ಲಿ ನಾವು ಮೂವರು ಗೆಳೆಯರು ಒಂದು ಮದ್ರಸಾದ ಆಡಳಿತ ಸಮಿತಿಯ ಮುಂದೆ ಹನ್ನೊಂದು ಬೇಡಿಕೆಗಳ ಪಟ್ಟಿ ಇಟ್ಟೆವು. ಪಠ್ಯ, ಪರೀಕ್ಷೆ, ಲೆಕ್ಕಪತ್ರ, ಅಧ್ಯಾಪಕರ ಸಂಬಳ, ಎಲ್ಲವೂ ಒಂದೇ ದಿನ ಬದಲಾಗಬೇಕಿತ್ತು. ಹನ್ನೊಂದೂ ತಿರಸ್ಕೃತವಾದವು. ನಾವು ಮುನಿಸಿಕೊಂಡು ಹೊರಬಂದೆವು. ಎರಡು ವರ್ಷಗಳ ನಂತರ ಅದೇ ಸಮಿತಿಯ ಹಿರಿಯರೊಬ್ಬರು ಕೇವಲ ಒಂದು ಹಾಜರಿ ಪುಸ್ತಕ ಮತ್ತು ತಿಂಗಳಿಗೊಮ್ಮೆ ಪೋಷಕರ ಸಭೆ ಬೇಕೆಂದು ಕೇಳಿದರು. ಯಾರೂ ವಿರೋಧಿಸಲಿಲ್ಲ. ಆ ಸಭೆಗಳಲ್ಲಿ ಪೋಷಕರೇ ಎದ್ದು ನಿಂತು, ನಾವು ಕೇಳಿದ್ದ ಬೇಡಿಕೆಗಳನ್ನು ಒಂದೊಂದಾಗಿ ಕೇಳತೊಡಗಿದರು.

ದೂರದ ಗುರಿಯನ್ನೂ ಅದನ್ನು ತಲುಪುವ ದೀರ್ಘಕಾಲದ ಯೋಜನೆಯನ್ನೂ ಕಾರ್ಯನೀತಿ ಎನ್ನೋಣ. ಇಂದಿನ ಸನ್ನಿವೇಶಕ್ಕೆ ತಕ್ಕಂತೆ ಇಡುವ ಹೆಜ್ಜೆಯನ್ನು ಕಾರ್ಯತಂತ್ರ ಎನ್ನೋಣ. ನಮ್ಮ ಯುವಕರ ಬಳಿ ಗುರಿ ಇದೆ, ಹೆಜ್ಜೆಯಿಲ್ಲ. ನಮ್ಮ ಸಮಿತಿಗಳ ಬಳಿ ದಿನನಿತ್ಯದ ಹೆಜ್ಜೆಗಳಿವೆ, ಗುರಿಯಿಲ್ಲ. ಇವೆರಡೂ ಕೂಡಿದ ಒಂದು ನಿದರ್ಶನವನ್ನು ನಾವು ಇತಿಹಾಸದಲ್ಲಿ ನೋಡಬೇಕಿದೆ.

1857ರ ದಂಗೆಯ ನಂತರ ಉತ್ತರ ಭಾರತದ ಮುಸ್ಲಿಮರು ನೆಲಕಚ್ಚಿದ್ದರು. ಸರ್ ಸಯ್ಯಿದ್ ಅಹ್ಮದ್ ಖಾನ್ ಅವರ ಗುರಿ ಒಂದೇ ಆಗಿತ್ತು: ಈ ಸಮುದಾಯ ಆಧುನಿಕ ವಿದ್ಯೆಯನ್ನು ತನ್ನದಾಗಿಸಿಕೊಳ್ಳಬೇಕು. ಆದರೆ ದಾರಿಯನ್ನು ಅವರು ಹಲವು ಬಾರಿ ಬದಲಾಯಿಸಿದರು. ಮೊದಲು 1864ರಲ್ಲಿ ಗಾಝಿಪುರದಲ್ಲಿ ವಿಜ್ಞಾನ ಸಂಘ ಸ್ಥಾಪಿಸಿ ಇಂಗ್ಲಿಷ್ ಗ್ರಂಥಗಳ ಉರ್ದು ಅನುವಾದಕ್ಕೆ ಕೈಹಾಕಿದರು. ದೇಶಭಾಷೆಯಲ್ಲಿಯೇ ಉನ್ನತ ಶಿಕ್ಷಣ ಸಿಗಬೇಕೆಂದು ಬಯಸಿದ್ದ ಅವರು ಕಾಲದ ಗತಿಯನ್ನು ಕಂಡು ಇಂಗ್ಲಿಷ್ ಮಾಧ್ಯಮವನ್ನು ಒಪ್ಪಿಕೊಂಡರು. ಅಲಿಗಢದಲ್ಲಿ 1875ರಲ್ಲಿ ಶಾಲೆ ತೆರೆಯಿತು, 1877ರಲ್ಲಿ ಕಾಲೇಜಿನ ಶಿಲಾನ್ಯಾಸವಾಯಿತು, 1920ರಲ್ಲಿ ಅದು ವಿಶ್ವವಿದ್ಯಾನಿಲಯವಾಯಿತು. ಶಾಲೆಯಿಂದ ವಿಶ್ವವಿದ್ಯಾನಿಲಯಕ್ಕೆ 45 ವರ್ಷಗಳ ಪಯಣ! ಅಷ್ಟರಲ್ಲಿ ಸ್ಥಾಪಕರು ತೀರಿಕೊಂಡು 22 ವರ್ಷಗಳಾಗಿದ್ದವು.

ಅವರು ಎದುರಿಸಿದ ವಿರೋಧ ಸಣ್ಣದಲ್ಲ. 1870ರಲ್ಲಿ ಆರಂಭಿಸಿದ 'ತಹಝೀಬುಲ್ ಅಖ್ಲಾಕ್' ಪತ್ರಿಕೆಯಲ್ಲಿ ಅವರು ಬರೆದ ಧಾರ್ಮಿಕ ವಿಚಾರಗಳು ಉಲಮಾಗಳನ್ನು ಕೆರಳಿಸಿದವು. ಅವರ ವಿರುದ್ಧ ಮಕ್ಕಾದಿಂದಲೂ ಫತ್ವಾ ತರಲಾಯಿತು. ಆಗ ಅವರು ಮಾಡಿದ್ದೇನು? ತಮ್ಮ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಲಿಲ್ಲ. ಆದರೆ ಕಾಲೇಜಿನ ಧಾರ್ಮಿಕ ಶಿಕ್ಷಣದಿಂದ ತಾವು ದೂರ ಸರಿದು ಅದನ್ನು ಸಾಂಪ್ರದಾಯಿಕ ವಿದ್ವಾಂಸರಿಗೆ ವಹಿಸಿಕೊಟ್ಟರು. ಸುನ್ನಿ ಮತ್ತು ಶಿಯಾ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಬೋಧನೆಗೆ ಏರ್ಪಾಡಾಯಿತು. ತನ್ನ ಮಾತೇ ಗೆಲ್ಲಬೇಕೆಂಬ ಹಟಕ್ಕಿಂತ ಮಕ್ಕಳು ತರಗತಿಗೆ ಬರಬೇಕೆಂಬ ಹಂಬಲ ಅವರಿಗೆ ದೊಡ್ಡದಾಗಿತ್ತು. ಸಹೋದರರೇ, ಇದನ್ನು ಸೋಲು ಎನ್ನಬೇಡಿ. ಗುರಿಯನ್ನು ಕೊಟ್ಟು ಶಾಂತಿ ಪಡೆಯುವುದು ಸೋಲು. ಅಹಂಕಾರವನ್ನು ಕೊಟ್ಟು ಗುರಿಯನ್ನು ಉಳಿಸಿಕೊಳ್ಳುವುದು ಕಾರ್ಯತಂತ್ರ.

ಆದರೆ ಹೊಗಳಿಕೆಗೆ ನಿಲ್ಲಿಸಿದರೆ ಪಾಠ ಅರ್ಧವಾಗುತ್ತದೆ. 1889ರಲ್ಲಿ ಟ್ರಸ್ಟಿಗಳ ಹೊಸ ನಿಯಮಾವಳಿಯನ್ನು ತಂದಾಗ, ತಮ್ಮ ನಂತರದ ಹೊಣೆ ತಮ್ಮ ಪುತ್ರ ಸಯ್ಯಿದ್ ಮಹ್ಮೂದರಿಗೆ ಸಲ್ಲುವಂತೆ ಸರ್ ಸಯ್ಯಿದ್ ಏರ್ಪಡಿಸಿದರು. ಇದನ್ನು ವಿರೋಧಿಸಿದವರಲ್ಲಿ ಮೌಲವಿ ಸಮೀಉಲ್ಲಾ ಖಾನ್ ಪ್ರಮುಖರು. ಸರ್ ಸಯ್ಯಿದ್ ಇನ್ನೂ ಬನಾರಸಿನಲ್ಲಿ ಸರಕಾರಿ ಸೇವೆಯಲ್ಲಿದ್ದಾಗ ಅಲಿಗಢದಲ್ಲಿ ನಿಂತು ಶಾಲೆಯನ್ನು ಆರಂಭಿಸಿದವರೇ ಅವರು. ಅಂಥವರು ಬೇರೆಯಾದರು. 1895ರಲ್ಲಿ ಕಚೇರಿಯ ಗುಮಾಸ್ತನೊಬ್ಬ ಒಂದು ಲಕ್ಷ ರೂಪಾಯಿಗೂ ಮಿಕ್ಕಿ ಹಣ ದುರುಪಯೋಗ ಮಾಡಿದ್ದು ಬೆಳಕಿಗೆ ಬಂತು. ಒಬ್ಬರ ಮೇಲಿನ ವಿಶ್ವಾಸವೇ ವ್ಯವಸ್ಥೆಯ ಸ್ಥಾನವನ್ನು ಪಡೆದಿತ್ತು. ಹೊರಗಿನ ಫತ್ವಾಗಳಿಂದ ಅಲುಗದ ಸಂಸ್ಥೆ ಒಳಗಿನ ಲೋಪಗಳಿಂದ ನಲುಗಿತು.

ಇನ್ನೊಂದು ಕೊರತೆಯೂ ಇತ್ತು. ಹೆಣ್ಣುಮಕ್ಕಳ ಶಾಲೆಯನ್ನು ಅವರು ಮುಂದಿನ ಕಾಲಕ್ಕೆ ಬಿಟ್ಟರು. 1906ರಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ಅಲಿಗಢದಲ್ಲಿಯೇ ಆ ಕೆಲಸವನ್ನು ಆರಂಭಿಸಬೇಕಾಯಿತು. 'ಈಗ ಬೇಡ, ಮುಂದೆ ನೋಡೋಣ' ಎಂಬುದು ಕೆಲವೊಮ್ಮೆ ಜಾಣ್ಮೆ. ಆದರೆ ಆ 'ಮುಂದೆ' ಎಂಬುದಕ್ಕೆ ದಿನಾಂಕವಿಲ್ಲದಿದ್ದರೆ ಕಾರ್ಯತಂತ್ರವೇ ಗುರಿಯನ್ನು ನುಂಗಿಬಿಡುತ್ತದೆ.

ಆದ್ದರಿಂದ ನಿಮ್ಮ ಸಮಿತಿಗೆ ಮರಳುವಾಗ ಕೆಲವು ಪ್ರಶ್ನೆಗಳನ್ನು ಒಯ್ಯಿರಿ. ಹತ್ತು ವರ್ಷಗಳ ನಂತರ ನಮ್ಮ ಸಂಸ್ಥೆ ಎಲ್ಲಿರಬೇಕು? ಈ ತಿಂಗಳು ಯಾರ ಮನಸ್ಸನ್ನೂ ನೋಯಿಸದೆ ಇಡಬಹುದಾದ ಹೆಜ್ಜೆ ಯಾವುದು? ಬಿಟ್ಟುಕೊಡಬಹುದಾದುದು ಯಾವುದು, ಎಂದೂ ಬಿಟ್ಟುಕೊಡಬಾರದ್ದು ಯಾವುದು? ನಾವಿಲ್ಲದ ದಿನ ಈ ಕೆಲಸ ಯಾರ ಕೈಯಲ್ಲಿ, ಯಾವ ನಿಯಮದಂತೆ ನಡೆಯುತ್ತದೆ? ಉತ್ತರಗಳನ್ನು ಹಿರಿಯರೊಂದಿಗೆ ಕುಳಿತು ಸಮಾಲೋಚನೆಯಿಂದ ಬರೆಯಿರಿ.

ಮುನಿಸಿಕೊಂಡು ಹೊರನಡೆದು ಇನ್ನೊಂದು ಸಂಘ ಕಟ್ಟುವುದು ಸುಲಭ. ಒಂದೇ ಬೀದಿಯಲ್ಲಿ ಎರಡು ಸಮಿತಿ, ಎರಡು ರಶೀದಿ ಪುಸ್ತಕ, ಖಾಲಿ ತರಗತಿ. ಇದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಉಳಿದು ಬದಲಾಯಿಸುವವರು ಬೇಕಾಗಿದ್ದಾರೆ. ಆ ಸಹನೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.