ಫ್ರಿಜ್ಜು ಬರುವ ಮೊದಲು ಅರ್ಥಿಂಗ್ ಬರಲಿ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿ. ಸಭೆಗೆ ಬರಲಾಗದ ಸದಸ್ಯರಿಗೆ ಪ್ರತಿನಿಧಿಗಳು ಇದನ್ನು ಓದಿ ಹೇಳಬೇಕಾಗಿ ಕೋರಿಕೆ.)



ಮೊದಲೆಲ್ಲ ನಮ್ಮ ಸಂಘಗಳಿಗೆ ಸಾಲದ ಅರ್ಜಿ ಬಂದರೆ ಹಸು, ಕುರಿ, ಹೊಲಿಗೆ ಯಂತ್ರ, ಮಕ್ಕಳ ಫೀಸು, ಆಸ್ಪತ್ರೆ ಖರ್ಚು ಅಂತ ಇರುತ್ತಿತ್ತು. ಈಗ ಆ ಪಟ್ಟಿಗೆ ಫ್ರಿಜ್ಜೂ ಸೇರಿದೆ. ಇದರಲ್ಲಿ ತಪ್ಪೇನೂ ಇಲ್ಲ. ಕೆಲವರು ದೋಸೆ ಹಿಟ್ಟು, ಮೊಸರು ಮಾರಿ ನಾಲ್ಕು ಕಾಸು ನೋಡುತ್ತಿದ್ದಾರೆ. ಕೆಲವರ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಇಡಬೇಕು. ಇನ್ನು ಕೆಲವರು, ದಿನವಿಡೀ ಕೂಲಿ ಮಾಡಿ ಬಂದು ಎರಡೆರಡು ಸಲ ಒಲೆ ಹಚ್ಚೋಕೆ ಮೈಯಲ್ಲಿ ಶಕ್ತಿ ಇಲ್ಲ ಸಿಸ್ಟರ್ ಅನ್ನುತ್ತಾರೆ. ಅದೂ ನಿಜವೇ. ಫ್ರಿಜ್ಜು ಶ್ರೀಮಂತರ ವಸ್ತು ಅನ್ನುವ ಕಾಲ ಹೋಯಿತು.

ಆದರೆ ನಾವು ಒಂದು ವಿಷಯ ಗಮನಿಸಿದ್ದೇವೆ. ಅರ್ಜಿಯಲ್ಲಿ ಫ್ರಿಜ್ಜಿನ ಬೆಲೆ ಬರೆದಿರುತ್ತದೆ. ಅದನ್ನು ಸಿಕ್ಕಿಸುವ ಗೋಡೆಯ ಪ್ಲಗ್ಗು, ಅದರ ಹಿಂದಿನ ವೈರು, ಅರ್ಥಿಂಗ್ ಇವುಗಳ ಮಾತೇ ಇರುವುದಿಲ್ಲ. ಇವತ್ತು ಅನೇಕ ವಿಷಯ ಹೇಳುತ್ತೇವೆ. ಉಳಿದದ್ದು ಮರೆತರೂ ಇದೊಂದನ್ನು ಮರೆಯಬೇಡಿ: ಅರ್ಥಿಂಗ್ ಇಲ್ಲದ ಮನೆಗೆ ಫ್ರಿಜ್ಜು ತರಬೇಡಿ. ಯಾಕೆಂದರೆ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ಮುಟ್ಟುವವರು ಮನೆಯ ಹೆಂಗಸರು.

1. "ಜುಮ್" ಅಂದರೆ ಸುಮ್ಮನಿರಬೇಡಿ

ಮನೆ ಭೇಟಿಗೆ ಹೋದಾಗ ಎಷ್ಟೋ ಕಡೆ ಈ ಮಾತು ಕೇಳಿದ್ದೇವೆ: "ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ ಸಿಸ್ಟರ್, ಅಭ್ಯಾಸ ಆಗಿದೆ, ಚಪ್ಪಲಿ ಹಾಕ್ಕೊಂಡು ತೆಗೀತೀವಿ." ಒಂದು ಮನೆಯಲ್ಲಿ ಬಾಗಿಲಿನ ಹಿಡಿಗೆ ಬಟ್ಟೆ ಸುತ್ತಿದ್ದರು. ಅಲಂಕಾರಕ್ಕೆ ಅಂದುಕೊಂಡೆವು. ಕೇಳಿದರೆ, ಶಾಕ್ ಹೊಡೆಯಬಾರದು ಅಂತ! ಆ ಬಟ್ಟೆ ಒಂದು ದಿನ ಒದ್ದೆಯಾದರೆ ಏನು ಗತಿ?

ಇದು ಹೇಗಾಗುತ್ತದೆ ಅಂತ ತಿಳಿದುಕೊಳ್ಳೋಣ. ಕರೆಂಟು ಒಂದು ತಂತಿಯಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ಸು ಹೋಗುತ್ತದೆ. ಇಲಿ ಕಡಿದೋ, ಬಿಸಿಗೆ ಸುಟ್ಟೋ, ತೇವಕ್ಕೆ ಕೆಟ್ಟೋ ಒಳಗಿನ ವೈರಿನ ಸಿಪ್ಪೆ ಹೋಗಿ ತಂತಿ ಫ್ರಿಜ್ಜಿನ ತಗಡಿಗೆ ತಾಗಿತು ಅನ್ನಿ. ಆಗ ಇಡೀ ಫ್ರಿಜ್ಜಿನ ಮೈಗೆ ಕರೆಂಟು ಬರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಒಳಗೆ ದೀಪ ಉರಿಯುತ್ತದೆ, ನೀರು ತಣ್ಣಗಾಗುತ್ತದೆ, ಎಲ್ಲ ಸರಿಯಾಗಿಯೇ ಇರುತ್ತದೆ. ಅರ್ಥಿಂಗ್ ತಂತಿ ಇದ್ದರೆ ಆ ಕರೆಂಟು ಅದರ ಮೂಲಕ ಭೂಮಿಗೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಅದು ಭೂಮಿಗೆ ಹೋಗಲು ಬೇರೆ ದಾರಿ ಹುಡುಕುತ್ತದೆ. ನೆಲ ಒರೆಸುತ್ತಾ ಒದ್ದೆ ಕಾಲಲ್ಲಿ ಬಾಗಿಲು ಹಿಡಿದವರ ಮೈಯೇ ಆ ದಾರಿಯಾಗುತ್ತದೆ. ಒಣಗಿದ ದಿನ ಜುಮ್ ಅಂದದ್ದು ಒದ್ದೆಯಿದ್ದ ದಿನ ಜೀವ ತೆಗೆಯಬಹುದು.

ಹಾಗಾಗಿ ಜುಮ್ ಅಂದ ತಕ್ಷಣ ಫ್ರಿಜ್ಜನ್ನು ಮತ್ತೆ ಮುಟ್ಟಬೇಡಿ. ಮೇನ್ ಸ್ವಿಚ್ ಆರಿಸಿ ಪ್ಲಗ್ಗು ಕಿತ್ತು, ಮೆಕ್ಯಾನಿಕ್ ಬಂದು ನೋಡುವವರೆಗೆ ಹಾಕಬೇಡಿ. ಹಾಲು ಕೆಟ್ಟರೆ ಕೆಡಲಿ.

2. ಮನೆಯ ವೈರಿಂಗ್ ನೋಡಿಸಿ

ಫ್ರಿಜ್ಜಿನ ಪ್ಲಗ್ಗಿಗೆ ಮೂರು ಪಿನ್ನು ಇರುತ್ತವೆ. ಮೇಲಿನ ದಪ್ಪ, ಉದ್ದದ ಪಿನ್ನು ಅರ್ಥಿಂಗಿಗೆ. ಗೋಡೆಯಲ್ಲಿ ಎರಡೇ ತೂತು ಇದೆ ಅಂತ ಅದನ್ನು ಕತ್ತರಿಸುವುದು, ಎರಡು ಪಿನ್ನಿನ ಪ್ಲಗ್ಗು ಹಾಕಿಸುವುದು ಮಾಡಲೇಬಾರದು. ಗೋಡೆಯಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲೂ ಅಲ್ಲ. ಎಷ್ಟೋ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಮುಖ್ಯವಾಗಿ ಭಾಗ್ಯಜ್ಯೋತಿ, ಕುಟೀರ ಜ್ಯೋತಿಯಲ್ಲಿ ಒಂದು ಬಲ್ಬಿಗೆಂದು ಕರೆಂಟು ಕೊಟ್ಟ ಮನೆಗಳಲ್ಲಿ ಹಳೇ ತೆಳು ವೈರನ್ನೇ ಎಳೆದು ಎಳೆದು ಟಿವಿ, ಮಿಕ್ಸಿ, ಈಗ ಫ್ರಿಜ್ಜು ಎಲ್ಲಾ ಹಾಕುತ್ತಿದ್ದಾರೆ. ಆದ್ದರಿಂದ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಮೊದಲು ಇವನ್ನು ನೋಡಿಸಿ:

* ಮನೆಗೆ ಅರ್ಥಿಂಗ್ ಗುಂಡಿ ಇದೆಯೇ? ತೇವ ನಿಲ್ಲುವ ಜಾಗದಲ್ಲಿ ಗುಂಡಿ ತೋಡಿ, ಜಿ.ಐ. ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸುತ್ತಾರೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಬೇಕು. ಅರ್ಥಿಂಗ್ ತಂತಿಯನ್ನು ನಲ್ಲಿ ಪೈಪಿಗೆ ಕಟ್ಟಿಸಬೇಡಿ.
* ಆರ್‌ಸಿಸಿಬಿ ಇದೆಯೇ? ಕೆಲವರು ಇದನ್ನು ಇಎಲ್‌ಸಿಬಿ ಅನ್ನುತ್ತಾರೆ. ಕರೆಂಟು ಸ್ವಲ್ಪ ಸೋರಿದರೂ ಇದು ತಾನಾಗಿ ಆರಿಸಿಬಿಡುತ್ತದೆ. ಜೀವ ಉಳಿಸಲು 30 ಮಿಲಿ ಆಂಪಿಯರಿನದ್ದು ಬೇಕು. ಎಂಸಿಬಿ ಇದ್ದರೆ ಸಾಕು ಅಂದುಕೊಳ್ಳಬೇಡಿ. ಅದು ವೈರು ಸುಡದ ಹಾಗೆ ಕಾಯುತ್ತದೆ, ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಅದರಲ್ಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ತಕ್ಷಣ ಕರೆಂಟು ಹೋಗಬೇಕು.
* ಫ್ರಿಜ್ಜಿಗೆ ಬೇರೆಯೇ ಪ್ಲಗ್ಗು ಇದೆಯೇ? ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ನಾಲ್ಕರ ಜೊತೆ ಐದನೆಯದಾಗಿ ಸಿಕ್ಕಿಸಬೇಡಿ.

ಶಾಕ್ ಹೊಡೆದ ಮೇಲೆ ಅರ್ಥಿಂಗ್ ಮಾಡಿಸುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

3. ಎಲ್ಲಿ ಇಡಬೇಕು?

ಗಾಡಿಯಲ್ಲಿ ತರುವಾಗ ಫ್ರಿಜ್ಜನ್ನು ನಿಲ್ಲಿಸಿಯೇ ತರಬೇಕು. ಮಲಗಿಸಿ ತಂದಿದ್ದರೆ ನಿಲ್ಲಿಸಿ ಕೆಲವು ಗಂಟೆ ಹಾಗೇ ಬಿಟ್ಟು ಆಮೇಲೆ ಕರೆಂಟು ಕೊಡಿ. ಒಳಗಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕು.

ನೆಲ ಸಮ ಇರಲಿ, ಒಣಗಿರಲಿ. ಹಿಂದಿನ ಗೋಡೆಗೆ ಸುಮಾರು ಅರ್ಧ ಗೇಣು ಜಾಗ ಬಿಡಿ, ಪಕ್ಕದಲ್ಲೂ ಗಾಳಿ ಆಡಲಿ. ಒಳಗಿನ ಬಿಸಿಯನ್ನು ಅದು ಹೊರಗೆ ತಳ್ಳಬೇಕಲ್ಲ! ಬಿಸಿಲು ಬೀಳುವ ಕಿಟಕಿ, ಒಲೆ ಇವುಗಳ ಹತ್ತಿರ ಬೇಡ.

ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಂತೂ ಬೇಡವೇ ಬೇಡ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಫ್ರಿಜ್ಜಿನ ಮೋಟರು ಇರುವುದೂ ಕೆಳಗೇ. ಅದು ಶುರುವಾಗುವಾಗ ಬರುವ ಸಣ್ಣ ಕಿಡಿ ಸಾಕು. ಗ್ಯಾಸ್ ವಾಸನೆ ಬಂದರೆ ಲೈಟು, ಫ್ಯಾನು, ಫ್ರಿಜ್ಜು ಯಾವುದರ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ, ಫ್ರಿಜ್ಜಿನ ಬಾಗಿಲು ತೆಗೆಯಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

4. ಕರೆಂಟಿನ ಏರುಪೇರು

ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ಬಲ್ಬು ಮಂಕಾಗುವುದು ಹೊಸದಲ್ಲ. ಓಲ್ಟೇಜ್ ಕಡಿಮೆ ಇದ್ದಾಗ ಫ್ರಿಜ್ಜಿನ ಮೋಟರು ತಿರುಗಲಾರದೆ "ಗುಂಯ್" ಅನ್ನುತ್ತಾ ಬಿಸಿಯಾಗಿ ಸುಟ್ಟುಹೋಗಬಹುದು. ಆ ತೊಂದರೆ ಇರುವ ಊರಿನಲ್ಲಿ ಸ್ಟೆಬಿಲೈಸರ್ ಬೇಕು. ಕರೆಂಟು ಹೋದಾಗ ಸ್ವಿಚ್ ಆರಿಸಿ, ಬಂದು ಐದು ನಿಮಿಷ ಆದ ಮೇಲೆ ಹಾಕಿ. ಗುಡುಗು ಮಳೆ ಬರುವ ಸೂಚನೆ ಕಂಡರೆ ಮೊದಲೇ ಪ್ಲಗ್ಗು ತೆಗೆದಿಡಿ; ತಲೆ ಮೇಲೆ ಸಿಡಿಲು ಹೊಡೆಯುತ್ತಿರುವಾಗ ಮುಟ್ಟಲು ಹೋಗಬೇಡಿ. ಕರೆಂಟಿಲ್ಲದಾಗ ಬಾಗಿಲು ತೆಗೆಯದಿದ್ದರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ಇರುತ್ತದೆ. ಆಮೇಲೆ ಹಾಲು, ಮಾಂಸ, ಮೀನು, ಸಾರು ಇವುಗಳನ್ನು ನಂಬಬೇಡಿ.

5. ಒಳಗೆ ಏನು ಇಡಬೇಕು, ಎಷ್ಟು ದಿನ?

ಫ್ರಿಜ್ಜು ರೋಗಾಣುಗಳನ್ನು ಕೊಲ್ಲುವುದಿಲ್ಲ. ಅವು ಬೆಳೆಯುವುದನ್ನು ನಿಧಾನ ಮಾಡುತ್ತದೆ, ಅಷ್ಟೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ಅವು ಬೇಗ ಬೇಗ ಹೆಚ್ಚುತ್ತವೆ. ಅದಕ್ಕೇ ಒಳಗೆ 5 ಡಿಗ್ರಿಗಿಂತ ಕಡಿಮೆ ಇರಬೇಕು. ಮಾಡಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು. ಬೆಳಗ್ಗೆ ಮಾಡಿದ ಅನ್ನವನ್ನು ಸಂಜೆ ಫ್ರಿಜ್ಜಿನೊಳಗೆ ಇಟ್ಟರೆ ಪ್ರಯೋಜನವಿಲ್ಲ. ಅನ್ನದಲ್ಲಿ ಬೆಳೆಯುವ ಕೆಲವು ರೋಗಾಣುಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

* ಹಸಿ ಮಾಂಸ, ಮೀನನ್ನು ಮುಚ್ಚಿದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿಡಿ. ಅದರ ನೀರು ಬೆಂದ ಅಡುಗೆ ಮೇಲೆ ತೊಟ್ಟಿಕ್ಕಬಾರದು. ತಂದ ದಿನ ಮಾಡದಿದ್ದರೆ ಫ್ರೀಜರಿಗೆ ಹಾಕಿ.
* ಬೆಂದ ಅಡುಗೆಯನ್ನು ಮುಚ್ಚಿ ಮೇಲಿನ ಹಲಗೆಯಲ್ಲಿಡಿ. ಎರಡು ದಿನದೊಳಗೆ ಮುಗಿಸಿ. ಬೇಕಾದಷ್ಟೇ ತೆಗೆದು ಚೆನ್ನಾಗಿ ಕುದಿಸಿ.
* ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ನಡು ಹಲಗೆಯಲ್ಲಿ ಡಬ್ಬಿಯೊಳಗೆ ಇಡಿ. ಫ್ರೀಜರಿನಲ್ಲಾಗಲಿ, ಅದರ ಪಕ್ಕದಲ್ಲಾಗಲಿ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕಿಲ್ಲ.
* ಈರುಳ್ಳಿ, ಆಲೂಗೆಡ್ಡೆ, ಬಾಳೆಹಣ್ಣು ಹೊರಗೇ ಇರಲಿ. ಸೋಡಾ ಬಾಟಲಿ ಫ್ರೀಜರಿನಲ್ಲಿಟ್ಟರೆ ಒಡೆಯುತ್ತದೆ. ಪೆಟ್ರೋಲು, ಥಿನ್ನರ್, ಸ್ಪಿರಿಟ್ ಒಳಗಿಟ್ಟರೆ ಬೆಂಕಿ ಹತ್ತಬಹುದು.

ಇನ್ನೊಂದು ಮಾತು. ಗಂಡ ಮಕ್ಕಳಿಗೆ ಬಿಸಿ ಊಟ, ಮೂರು ದಿನದ ಹಳೇ ಸಾರು ಮಾತ್ರ ತಾಯಿಗೆ, ಚೆಲ್ಲಿದರೆ ಪಾಪ ಅಂತ. ಫ್ರಿಜ್ಜು ಬಂದ ಮೇಲೆ ಈ ರೂಢಿ ಇನ್ನೂ ಜಾಸ್ತಿಯಾಗಿದೆ. ಮಕ್ಕಳಿಗೆ ಕೊಡಲಾರದ್ದನ್ನು ನಾವೂ ತಿನ್ನಬಾರದು.

6. ತೊಳೆಯುವುದು, ನೋಡಿಕೊಳ್ಳುವುದು

ತೊಳೆಯುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಒಣ ಕೈಯಲ್ಲಿ ಪ್ಲಗ್ಗನ್ನೂ ತೆಗೆಯಿರಿ. ಅಡುಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ. ಫ್ರೀಜರಿನಲ್ಲಿ ಕಾಲು ಇಂಚು ಐಸ್ ಕಟ್ಟಿದರೆ ಡಿಫ್ರಾಸ್ಟ್ ಗುಂಡಿ ಒತ್ತಿ ತಾನಾಗಿ ಕರಗಲು ಬಿಡಿ. ಚಾಕು, ಸೌಟಿನ ತುದಿಯಿಂದ ಕೆತ್ತಬೇಡಿ. ಈಚಿನ ಎಷ್ಟೋ ಫ್ರಿಜ್ಜುಗಳಲ್ಲಿ ಆರ್-600ಎ ಅನ್ನುವ ಬೆಂಕಿ ಹತ್ತುವ ಗ್ಯಾಸು ಇರುತ್ತದೆ. ತೂತು ಬಿದ್ದರೆ ಫ್ರಿಜ್ಜೂ ಹೋಯಿತು, ಅಪಾಯವೂ ಬಂತು.

ಹಿಂದೆ ಕೆಳಗೊಂದು ನೀರಿನ ತಟ್ಟೆ ಇರುತ್ತದೆ. ಅನೇಕರಿಗೆ ಅದು ಇರುವುದೇ ಗೊತ್ತಿಲ್ಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನೀರಿನಲ್ಲೇ. ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ. ಆಗಲೇ ಇಲಿ ವೈರು ಕಡಿದಿದೆಯಾ ಅಂತಲೂ ನೋಡಿ. ಬಾಗಿಲಿನ ರಬ್ಬರಿನ ನಡುವೆ ಒಂದು ಕಾಗದ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ತಂಪು ಸೋರುತ್ತಿದೆ ಅಂತ ಅರ್ಥ.

ಕೆಟ್ಟ ಫ್ರಿಜ್ಜನ್ನು ಹಿತ್ತಲಲ್ಲಿ ಇಟ್ಟಿದ್ದರೆ ಬಾಗಿಲು ಕಳಚಿ ಇಡಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಸೇರಿಕೊಂಡರೆ ಉಸಿರು ಕಟ್ಟುತ್ತದೆ.

7. ಸಾಲ ಮತ್ತು ಬಿಲ್ಲು

ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ನಾಲ್ಕೈದು ಜನರ ಮನೆಗೆ 180ರಿಂದ 200 ಲೀಟರಿನ ಒಂಟಿ ಬಾಗಿಲಿನದ್ದು ಸಾಕು. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ನಕ್ಷತ್ರದ ಚೀಟಿ ನೋಡಿ. ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅದರಲ್ಲಿ ಬರೆದಿರುತ್ತದೆ. 180 ಅಂತ ಇದ್ದರೆ ತಿಂಗಳಿಗೆ 15 ಯೂನಿಟ್. ಬಾಗಿಲು ಪದೇ ಪದೇ ತೆಗೆದರೆ ಇನ್ನೂ ಹೆಚ್ಚು.

ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಪುಕ್ಕಟೆ ಅಂತ ಹಲವರು ಹೇಳುತ್ತೀರಿ. ಹಾಗಲ್ಲ. 2023ರಲ್ಲಿ ಆ ಯೋಜನೆ ಬಂದಾಗ, 2022-23ರಲ್ಲಿ ಪ್ರತಿ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ಆ ಮನೆಯ ಪಾಲು ನಿಗದಿ ಮಾಡಿದರು. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆದ್ದರಿಂದ ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟಿದೆ ನೋಡಿಕೊಂಡು, ಸಾಲದ ಕಂತಿನ ಜೊತೆ ಅದನ್ನೂ ಲೆಕ್ಕ ಹಾಕಿ.

8. ಯಾರಿಗಾದರೂ ಶಾಕ್ ಹೊಡೆದರೆ

ಓಡಿಹೋಗಿ ಹಿಡಿದು ಎಳೆಯಬೇಡಿ. ಹಿಡಿದವರಿಗೂ ಹೊಡೆಯುತ್ತದೆ. ಮೊದಲು ಮೇನ್ ಸ್ವಿಚ್ ಆರಿಸಿ. ಅದು ಸಿಗದಿದ್ದರೆ ಒಣ ಮಣೆಯ ಮೇಲೆ ನಿಂತು ಒಣ ಕಟ್ಟಿಗೆ ದೊಣ್ಣೆಯಿಂದ ದೂರ ತಳ್ಳಿ. 108ಕ್ಕೆ ಫೋನ್ ಮಾಡಿಸಿ. ಉಸಿರಾಡದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವವರೆಗೆ ಜೋರಾಗಿ ಒತ್ತುತ್ತಿರಿ. ಎಚ್ಚರವಾಗಿ ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಕಂಬದ ಕಡೆಯಿಂದ ತೊಂದರೆ ಇದ್ದರೆ 1912ಕ್ಕೆ ದೂರು ಕೊಡಿ.

ಪ್ರೀತಿಯ ಸಹೋದರಿಯರೇ, ಕೊನೆಗೆ ನಮ್ಮದೊಂದು ಕೋರಿಕೆ. ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ನಡಾವಳಿ ಪುಸ್ತಕದಲ್ಲಿ ಒಂದು ತೀರ್ಮಾನ ಬರೆಯಲಿ: ಫ್ರಿಜ್ಜಿಗೆ ಸಾಲ ಕೇಳುವವರು ಅರ್ಥಿಂಗ್, ಆರ್‌ಸಿಸಿಬಿ ಖರ್ಚನ್ನೂ ಅರ್ಜಿಯಲ್ಲೇ ಸೇರಿಸಬೇಕು, ಆ ಕೆಲಸ ಮುಗಿದದ್ದನ್ನು ಇಬ್ಬರು ಸದಸ್ಯರು ಹೋಗಿ ನೋಡಿದ ಮೇಲೆ ಫ್ರಿಜ್ಜಿನ ಹಣ ಕೊಡಬೇಕು. ಈಗಾಗಲೇ ಫ್ರಿಜ್ಜು ಇರುವವರಿಗೆ ಅರ್ಥಿಂಗಿಗಾಗಿ ಸಣ್ಣ ಸಾಲ ಕೊಡೋಣ. ಸಾಲದ ಕಂತು ಒಂದು ತಿಂಗಳು ತಡವಾದರೆ ಸಂಘ ಸುಧಾರಿಸಿಕೊಳ್ಳುತ್ತದೆ. ಒಬ್ಬ ತಾಯಿ ಹೋದರೆ ಆ ಮನೆ ಸುಧಾರಿಸಿಕೊಳ್ಳುವುದಿಲ್ಲ.



ಸಂಘದಲ್ಲಿ ಚರ್ಚೆಗೆ

1. ನಮ್ಮ ಸಂಘದಲ್ಲಿ ಎಷ್ಟು ಮನೆಗಳಲ್ಲಿ ಫ್ರಿಜ್ಜು ಇದೆ? ಅದರಲ್ಲಿ ಎಷ್ಟು ಮನೆಗಳಿಗೆ ಅರ್ಥಿಂಗ್ ಇದೆ?
2. ಮುಟ್ಟಿದರೆ ಜುಮ್ ಅನ್ನುವ ಫ್ರಿಜ್ಜು, ಮಿಕ್ಸಿ, ಗ್ರೈಂಡರ್ ಯಾರ ಮನೆಯಲ್ಲಿದೆ? ಅದಕ್ಕೆ ಈ ವಾರ ಏನು ಮಾಡೋಣ?
3. ನಾಲ್ಕೈದು ಮನೆಯವರು ಸೇರಿ ಒಬ್ಬರೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರೆ ಖರ್ಚು ಕಡಿಮೆ ಆಗುತ್ತದೆಯೇ?